ಅಂತರಗಂಗೆಯ ಬಂಡೆಯಿಂದ ಹಿಮದ ನೆತ್ತಿಗೆ

ಕೋಲಾರದ ಅಂತರಗಂಗೆಯ ಗುಹೆಗಳಲ್ಲಿ ನುಸುಳಿ, ಮುಳಬಾಗಿಲು ಬಳಿಯ ಆವನಿ ಬೆಟ್ಟದ ಸೀತಮ್ಮನ ಗುಡಿಯವರೆಗೆ ಹತ್ತಿದ ಹುಡುಗರಿಗೆ ಹಿಮಾಲಯದ ಕನಸು ಬೀಳುವುದು ಸಹಜ. ಒಂದೆರಡು ಚಾರಣ ಮುಗಿಯಿತೆಂದರೆ ಶಿಖರದ ಆಸೆ. ಆದರೆ ಚಾರಣವೇ ಬೇರೆ, ಪರ್ವತಾರೋಹಣವೇ ಬೇರೆ.

ಬಂಡೆಯ ಹಿಡಿತ, ಹಗ್ಗದ ಗಂಟು ಇವನ್ನು ಅಂತರಗಂಗೆಯಲ್ಲೇ ಕಲಿಯಬಹುದು. ಹಿಮವನ್ನು ಮಾತ್ರ ಇಲ್ಲಿ ಕಲಿಯಲಾಗದು. ಬೂಟಿಗೆ ಕ್ರ್ಯಾಂಪಾನ್ ಎಂಬ ಉಕ್ಕಿನ ಮುಳ್ಳು ಕಟ್ಟಿ ನಡೆಯುವುದು, ಜಾರಿದಾಗ ಹಿಮಗೊಡಲಿ ನೆಟ್ಟು ಮೈಯನ್ನು ತಡೆಯುವುದು ಇವಕ್ಕೆಲ್ಲ 1954ರಲ್ಲಿ ಆರಂಭವಾದ ಡಾರ್ಜಿಲಿಂಗ್ ಸಂಸ್ಥೆಗೋ, 1965ರಲ್ಲಿ ಹುಟ್ಟಿದ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಗೋ ಹೋಗಬೇಕು. ಪ್ರಾಥಮಿಕ ತರಬೇತಿಗೇ ಸುಮಾರು ನಾಲ್ಕು ವಾರ ಬೇಕು.

ಇನ್ನು ಎತ್ತರದ ಮಾತು. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗಿಂತ ತುಸು ಮೇಲಿದೆ, ಅಷ್ಟೇ. 5,500 ಮೀಟರಿನಲ್ಲಿ ಒಂದೊಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದ್ದರ ಅರ್ಧದಷ್ಟು. ದಿನಾ ಹತ್ತು ಕಿಲೋಮೀಟರ್ ಓಡುವವನನ್ನೂ ಎತ್ತರದ ಕಾಯಿಲೆ ಬಿಡದು. ತಾಲೀಮು ಕಾಲಿಗೆ ಬಲ ಕೊಟ್ಟೀತೇ ಹೊರತು ಎತ್ತರಕ್ಕೆ ಒಗ್ಗಿಸದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು; ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ತಂಗಬೇಕು. ತಲೆನೋವು, ವಾಂತಿ ಹೆಚ್ಚಿದರೆ ಇಳಿಯುವುದೇ ಮದ್ದು. ರಜೆಯ ಲೆಕ್ಕ ಹಾಕಿ ಹೊರಡುವವರು ಮೊದಲು ಕತ್ತರಿ ಹಾಕುವುದು ಈ ತಂಗುವ ದಿನಗಳಿಗೇ!

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹವೆ ಕೆಟ್ಟು, ಚಳಿಗಾಳಿಗೆ ಸಿಕ್ಕಿ ಕರ್ನಾಟಕದಿಂದ ಹೋಗಿದ್ದ ತಂಡದ 9 ಮಂದಿ ತೀರಿಕೊಂಡರು. ಅವರು ಶಿಖರಕ್ಕೆ ಹೊರಟವರಲ್ಲ, ಚಾರಣಕ್ಕೆ ಹೋದವರು.