ಬ್ರೆಡ್ಡಿನ ತೂಕ ಗೊತ್ತುಮಾಡಿದ ಅಧಿಕಾರಿ

ಮಕ್ಕಳೇ, ಬೆಲೆ ಅದೇ ಇದ್ದು ಬಿಸ್ಕತ್ತಿನ ಪೊಟ್ಟಣ ಮಾತ್ರ ಹಗುರಾದದ್ದನ್ನು ಗಮನಿಸಿದ್ದೀರಾ? ಸಾವಿರ ವರ್ಷಗಳ ಹಿಂದೆ ಬೈಜಾಂಟಿಯಂ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲೂ, ಅಂದರೆ ಇಂದಿನ ಇಸ್ತಾಂಬುಲ್‌ನಲ್ಲೂ, ಬ್ರೆಡ್ಡಿನ ತೂಕ ಬದಲಾಗುತ್ತಿತ್ತು. ಆದರೆ ಬದಲಿಸುವ ಅಧಿಕಾರ ಅಂಗಡಿಯವನಿಗೆ ಇರಲಿಲ್ಲ.

ನಗರದ ಆಡಳಿತ ನೋಡುತ್ತಿದ್ದ ಅಧಿಕಾರಿಗೆ ಎಪಾರ್ಕ್ ಎಂದು ಹೆಸರು. ಚಕ್ರವರ್ತಿ ಆರನೇ ಲಿಯೋನ ಕಾಲದಲ್ಲಿ, ಸುಮಾರು 912ರಲ್ಲಿ, ಅವನಿಗಾಗಿ ಸಿದ್ಧವಾದ ನಿಯಮಗಳ ಪುಸ್ತಕ ಇಂದಿಗೂ ಉಳಿದಿದೆ. ಗೋಧಿಯ ಬೆಲೆ ಏರಿದರೂ ಇಳಿದರೂ ಬ್ರೆಡ್ಡು ಮಾಡುವವರು ಎಪಾರ್ಕನ ಬಳಿಗೆ ಹೋಗಬೇಕು. ಅವನ ಸಹಾಯಕ ಹೊಸ ತೂಕ ಗೊತ್ತುಮಾಡಬೇಕು.

ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೆ ಅದರಲ್ಲಿನ ಲಾಭದ ಲೆಕ್ಕ ಬಹಳ ಹಿಡಿಸಿತು. ಒಂದು ಚಿನ್ನದ ನಾಣ್ಯದಷ್ಟು ಗೋಧಿಗೆ ಲಾಭ ಆ ನಾಣ್ಯದ 24ರಲ್ಲಿ 1 ಪಾಲು. ಆಳು, ಹಿಟ್ಟು ಬೀಸುವ ಪ್ರಾಣಿ, ಸೌದೆ, ದೀಪದ ಖರ್ಚಿಗೆ ಬೇರೆಯಾಗಿ 2 ಬೆಳ್ಳಿ ನಾಣ್ಯ. ದುಡಿದವನಿಗೆ ನಷ್ಟವಿಲ್ಲ, ತಿನ್ನುವವನಿಗೆ ಮೋಸವಿಲ್ಲ!

ಊರಿಗೆ ಬ್ರೆಡ್ಡು ತಪ್ಪಬಾರದೆಂದು ಅವರನ್ನೂ ಅವರ ಪ್ರಾಣಿಗಳನ್ನೂ ಸರ್ಕಾರಿ ಬಿಟ್ಟಿ ಕೆಲಸಕ್ಕೆ ಎಳೆಯುವಂತಿರಲಿಲ್ಲ. ಬೆಂಕಿಯ ಭಯದಿಂದ ಜನ ವಾಸಿಸುವ ಮನೆಗಳ ಕೆಳಗೆ ಒಲೆ ಹೂಡುವಂತಿರಲಿಲ್ಲ.

ಈಗ ಪೊಟ್ಟಣದ ಮೇಲೆಯೇ ತೂಕ ಅಚ್ಚಾಗಿರುತ್ತದೆ. ಅಜ್ಜ ಅಜ್ಜಿಯರ ಜೊತೆ ಕೂತು, ಒಂದು ರೂಪಾಯಿಗೆ ಎಷ್ಟು ಗ್ರಾಂ ಬಂತೆಂದು ಭಾಗಿಸಿ ನೋಡಿ.