ಪೀಜೋ ಬಿಲ್ಲೆಗೆ ತೂಕ ಗೊತ್ತಾಗದು

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಪೀಜೋ ಡಿಸ್ಕ್ ಎಂದರೆ ಹಿತ್ತಾಳೆಯ ತೆಳು ಬಿಲ್ಲೆ, ಅದರ ಮೇಲೊಂದು ಸೆರಾಮಿಕ್ ಪದರ, ಎರಡು ತಂತಿ, ಅಷ್ಟೆ. ಬೆಲೆ ಕಡಿಮೆಯಾದ್ದರಿಂದ ಕಾಲೇಜು ಹುಡುಗರು ಬೇಗ ಕೈಹಾಕುವುದೂ ಇದಕ್ಕೇ. ಗ್ಯಾಸ್ ಸಿಲಿಂಡರಿನ ಅಡಿಗೆ ಇಟ್ಟು ಎಷ್ಟು ಗ್ಯಾಸ್ ಉಳಿದಿದೆ ಎಂದು ತಿಳಿಯಬಹುದು ಎಂದು ಹಲವರು ನಂಬಿದ್ದಾರೆ. ಆಗುವುದಿಲ್ಲ.

ಒತ್ತಿದರೆ ಕೆಲವು ಹರಳುಗಳಲ್ಲಿ ವಿದ್ಯುದಾವೇಶ ಹುಟ್ಟುವುದನ್ನು 1880ರಲ್ಲಿ ಕ್ಯೂರಿ ಸಹೋದರರಾದ ಜಾಕ್ ಮತ್ತು ಪಿಯೇರ್ ತೋರಿಸಿದರು. ಆದರೆ ಅದು ಹುಟ್ಟುವುದು ಒತ್ತಡ ಬದಲಾದಾಗ ಮಾತ್ರ. ಬಿಲ್ಲೆಯ ಧಾರಕತೆ ಸುಮಾರು 20 ನ್ಯಾನೋಫ್ಯಾರಡ್ ಇದ್ದು, ಅದಕ್ಕೆ 1 ಮೆಗಾಓಮ್ ರೆಸಿಸ್ಟರ್ ಜೋಡಿಸಿದ್ದರೆ, ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಎಲ್ಲವೂ ಸೋರಿಹೋಗುತ್ತದೆ. ಸಿಲಿಂಡರ್ ಅಲ್ಲೇ ಕೂತಿರುತ್ತದೆ, ರೀಡಿಂಗ್ ಸೊನ್ನೆ. ಎತ್ತಿದಾಗ ಮತ್ತೊಂದು ಮಿಡಿತ, ಈ ಸಲ ತಿರುಗುಮುರುಗು. ತೂಕಕ್ಕೆ ಲೋಡ್ ಸೆಲ್ ಬೇಕು; ಬಾಗಿಲು ತಟ್ಟಿದ್ದು, ತಂತಿವಾದ್ಯದ ಕಂಪನ, ಮೋಟಾರಿನ ಅದುರು ಇವಕ್ಕೆ ಪೀಜೋಗಿಂತ ಅಗ್ಗದ, ಚುರುಕಾದ ಸೆನ್ಸರ್ ಸಿಗುವುದು ಕಷ್ಟ.

ಆ 1 ಮೆಗಾಓಮ್ ರೆಸಿಸ್ಟರ್ ಇದ್ದರೆ ಬಿಲ್ಲೆಯ ಸಂಕೇತ ಓದುವ ಆರ್ಡುಯಿನೋ ಬೋರ್ಡ್ ಕ್ಷೇಮ ಎಂಬ ಮಾತೂ ಪೂರ್ತಿ ನಿಜವಲ್ಲ. ಅದರ ಕೆಲಸ ಆವೇಶವನ್ನು ಇಳಿಸುವುದು. ಜೋರಾಗಿ ಕುಟ್ಟಿದರೆ ಹತ್ತಾರು ವೋಲ್ಟ್ ಏಳುತ್ತದೆ, ಋಣ ದಿಕ್ಕಿನಲ್ಲೂ. ಆರ್ಡುಯಿನೋ ಊನೋ ಬೋರ್ಡಿನ ಪಿನ್ ಇರುವುದು 5 ವೋಲ್ಟಿಗೆ. ಸಾಲಿನಲ್ಲಿ 10 ಕಿಲೋಓಮ್, ಪಿನ್ನಿನಿಂದ ಗ್ರೌಂಡಿಗೆ 5.1 ವೋಲ್ಟಿನ ಜೀನರ್ ಡಯೋಡ್ ಹಾಕುವುದನ್ನು ದಯವಿಟ್ಟು ಮರೆಯಬೇಡಿ.

ಒಮ್ಮೆ ತಟ್ಟಿದರೆ ನಾಲ್ಕು ಎಣಿಸಿತೆಂದು ಸೆನ್ಸರನ್ನು ಬಿಸಾಡುವವರಿದ್ದಾರೆ. ಅದು ಕೆಟ್ಟಿಲ್ಲ, ತಟ್ಟಿದ ಮೇಲೂ ಬಿಲ್ಲೆ ಕೊಂಚ ಹೊತ್ತು ಅದುರುತ್ತಲೇ ಇರುತ್ತದೆ. ಮೊದಲ ಶಿಖರ ಹಿಡಿದು, ಮುಂದಿನ 50 ಮಿಲಿಸೆಕೆಂಡು ಏನನ್ನೂ ಎಣಿಸದಂತೆ ಕೋಡ್ ಬರೆದರೆ ಸಾಕು.

ಇನ್ನು ಚಪ್ಪಲಿಯಡಿ ಪೀಜೋ ಇಟ್ಟು ಮೊಬೈಲ್ ಚಾರ್ಜ್ ಮಾಡುವ ಕನಸು. 20 ನ್ಯಾನೋಫ್ಯಾರಡಿನ ಬಿಲ್ಲೆ 20 ವೋಲ್ಟ್ ಕೊಟ್ಟರೆ ಅದರಲ್ಲಿರುವ ಶಕ್ತಿ 4 ಮೈಕ್ರೋಜೌಲ್. 4,000 ಎಂಎಎಚ್ ಬ್ಯಾಟರಿಗೆ ಬೇಕಾದದ್ದು 50,000 ಜೌಲಿಗೂ ಹೆಚ್ಚು. ಒಂದಿಷ್ಟೂ ಪೋಲಾಗದಿದ್ದರೂ ಸಾವಿರ ಕೋಟಿಗೂ ಮಿಕ್ಕ ಹೆಜ್ಜೆ ಹಾಕಬೇಕು. ವಿಜ್ಞಾನ ಮೇಳಕ್ಕೆ ಈ ಮಾದರಿ ಒಯ್ಯುವ ಮಕ್ಕಳಿಗೆ ಶಿಕ್ಷಕರು ಈ ಲೆಕ್ಕವನ್ನೂ ಮಾಡಿಸಲಿ. ಎಲ್‌ಇಡಿ ಮಿನುಗುವುದಕ್ಕಿಂತ ಹೆಚ್ಚಿನ ಭೌತಶಾಸ್ತ್ರ ಅದರಲ್ಲಿದೆ.