ಹಳ್ಳಿಯ ಮಾತಿಗೆ 21 ದಿನ

ಇಂಗ್ಲೆಂಡಿನ ಪ್ಯಾರಿಷ್ ಕೌನ್ಸಿಲ್‌ಗೆ ಮನೆ ಕಟ್ಟಲು ಅನುಮತಿ ಕೊಡುವ ಅಧಿಕಾರವಿಲ್ಲ, ನಿರಾಕರಿಸುವ ಅಧಿಕಾರವೂ ಇಲ್ಲ. ಇರುವುದು ಅಭಿಪ್ರಾಯ ಹೇಳುವ ಹಕ್ಕು ಮಾತ್ರ. ಆ ಹಕ್ಕನ್ನೇ ಹಿಡಿದುಕೊಂಡು ಹಳ್ಳಿಗಳು ಏನು ಸಾಧಿಸಿವೆ, ಎಲ್ಲಿ ಎಡವಿವೆ?

ಇಂಗ್ಲೆಂಡಿನ ಸಾಮರ್‌ಸೆಟ್ ಕೌಂಟಿಯಲ್ಲಿ ವೆಸ್ಟ್‌ಬರಿ-ಸಬ್-ಮೆಂಡಿಪ್ ಎಂಬ ಹಳ್ಳಿಯಿದೆ. ಆ ಊರಿಗೆ ಬರುತ್ತಿದ್ದ ಸಂಚಾರಿ ಗ್ರಂಥಾಲಯದ ವಾಹನ ಬರುವುದು ನಿಂತುಹೋಯಿತು. ರಸ್ತೆ ಬದಿಯ ಕೆಂಪು ಟೆಲಿಫೋನ್ ಪೆಟ್ಟಿಗೆಗೂ ಕೆಲಸವಿಲ್ಲದಾಯಿತು. ಎರಡನ್ನೂ ಕಳೆದುಕೊಂಡ ಊರಿನವರಿಗೆ ಒಂದು ಉಪಾಯ ಹೊಳೆಯಿತು. 2009ರಲ್ಲಿ ಅಲ್ಲಿನ ಪ್ಯಾರಿಷ್ ಕೌನ್ಸಿಲ್ ಆ ಪೆಟ್ಟಿಗೆಯನ್ನು ಟೆಲಿಫೋನ್ ಕಂಪೆನಿಯಿಂದ ಒಂದೇ ಒಂದು ಪೌಂಡ್‌ಗೆ ಕೊಂಡಿತು. ಒಳಗೆ ಹಲಗೆ ಬಡಿದು ಪುಸ್ತಕಗಳನ್ನು ಜೋಡಿಸಿದರು. ಓದಿದ ಪುಸ್ತಕ ಇಟ್ಟು ಓದದ ಪುಸ್ತಕ ಒಯ್ಯಬೇಕು, ಅಷ್ಟೇ ನಿಯಮ. ಒಬ್ಬರು ನಿಂತರೆ ತುಂಬಿಹೋಗುವ ಈ ಗ್ರಂಥಾಲಯದ ಸುದ್ದಿ ದೇಶವೆಲ್ಲ ಹರಡಿತು.

ಇಷ್ಟು ಚಿಕ್ಕ ಕೆಲಸ ಮಾಡಲೂ ಒಂದು ಕೌನ್ಸಿಲ್ ಬೇಕೇ ಎಂದು ನೀವು ಕೇಳಬಹುದು. ಪೆಟ್ಟಿಗೆಯನ್ನು ಕೊಳ್ಳಲು ಊರಿನ ಹೆಸರಿನಲ್ಲಿ ಸಹಿ ಹಾಕುವವರು ಯಾರಾದರೂ ಬೇಕಲ್ಲ? ಆ ಸಹಿ ಹಾಕುವ ಸಂಸ್ಥೆಯೇ ಪ್ಯಾರಿಷ್ ಕೌನ್ಸಿಲ್. ಇಂಗ್ಲೆಂಡಿನ ಸ್ಥಳೀಯ ಆಡಳಿತದ ಅತ್ಯಂತ ಕೆಳಗಿನ ಮೆಟ್ಟಿಲು ಅದು.

ಚರ್ಚಿನಿಂದ ಚಾವಡಿಗೆ

ನಮ್ಮ ಕರಾವಳಿಯ ಕ್ರೈಸ್ತರಿಗೆ ಪ್ಯಾರಿಷ್ ಎಂಬ ಶಬ್ದ ಹೊಸದಲ್ಲ. ಒಂದು ಚರ್ಚು, ಅದರ ಗುರುಗಳು, ಅದಕ್ಕೆ ಸೇರಿದ ಮನೆಗಳು, ಇಷ್ಟು ಸೇರಿದರೆ ಒಂದು ಪ್ಯಾರಿಷ್. ಇಂಗ್ಲೆಂಡಿನಲ್ಲಿ ಈ ವ್ಯಾಪ್ತಿಯೇ ಕ್ರಮೇಣ ಆಡಳಿತದ ವ್ಯಾಪ್ತಿಯೂ ಆಯಿತು. 1601ರ ಬಡವರ ಕಾಯಿದೆಯ ಪ್ರಕಾರ ಊರಿನ ಬಡವರನ್ನು ನೋಡಿಕೊಳ್ಳುವ ಹೊಣೆ ಪ್ಯಾರಿಷ್‌ನ ಮೇಲೆ ಬಿತ್ತು. ಅದಕ್ಕಾಗಿ ತೆರಿಗೆ ಎತ್ತುವ ಕೆಲಸವೂ ಅದರದೇ ಆಯಿತು. ಚರ್ಚಿನಲ್ಲಿ ಗುರುಗಳ ಉಡುಪು ಇಡುವ ಕೋಣೆಗೆ ವೆಸ್ಟ್ರಿ ಎಂದು ಹೆಸರು. ಊರಿನ ಸಭೆ ಅಲ್ಲೇ ಸೇರುತ್ತಿದ್ದುದರಿಂದ ಸಭೆಗೂ ಅದೇ ಹೆಸರು ಬಂತು. ಆ ಸಭೆಯಲ್ಲಿ ನಡೆಯುತ್ತಿದ್ದುದು ಬಹುಮಟ್ಟಿಗೆ ಗುರುಗಳ ಮತ್ತು ಜಮೀನ್ದಾರರ ಮಾತು.

ಇದನ್ನು ಬದಲಿಸಿದ್ದು 1894ರ ಸ್ಥಳೀಯ ಆಡಳಿತ ಕಾಯಿದೆ. ಗ್ಲ್ಯಾಡ್‌ಸ್ಟನ್ ಅವರ ಲಿಬರಲ್ ಸರ್ಕಾರ ತಂದ ಈ ಕಾಯಿದೆ ಹಳ್ಳಿಯ ಲೌಕಿಕ ವ್ಯವಹಾರವನ್ನು ಚರ್ಚಿನಿಂದ ಬೇರ್ಪಡಿಸಿ ಚುನಾಯಿತ ಕೌನ್ಸಿಲ್‌ಗೆ ಒಪ್ಪಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೊದಲ ಚುನಾವಣೆಗಳು ನಡೆದವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪ್ಯಾರಿಷ್ ಚುನಾವಣೆಯಲ್ಲಿ ಹೆಂಗಸರು, ಮದುವೆಯಾದವರು ಕೂಡ, ಮತ ಹಾಕಬಹುದಿತ್ತು, ಸ್ಪರ್ಧಿಸಲೂಬಹುದಿತ್ತು. ಬ್ರಿಟಿಷ್ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದು 1918ರಲ್ಲಿ. ಅದೂ 30 ವರ್ಷ ದಾಟಿದವರಲ್ಲಿ ಕೆಲವರಿಗೆ ಮಾತ್ರ. ದೇಶಕ್ಕಿಂತ 24 ವರ್ಷ ಮೊದಲು ಹಳ್ಳಿ ಬಾಗಿಲು ತೆರೆದಿತ್ತು.

ಇಂದು ಇಂಗ್ಲೆಂಡಿನಲ್ಲಿ ಸುಮಾರು ಹತ್ತು ಸಾವಿರ ಪ್ಯಾರಿಷ್ ಮತ್ತು ಪಟ್ಟಣ ಕೌನ್ಸಿಲ್‌ಗಳಿವೆ. ಕೆಲವು ನೂರು ಜನರ ಹಳ್ಳಿಗೂ ಇದೇ ವ್ಯವಸ್ಥೆ. 2021ರಲ್ಲಿ ಕೌನ್ಸಿಲ್ ಪಡೆದ, ಲಕ್ಷ ದಾಟಿದ ಜನಸಂಖ್ಯೆಯ ನಾರ್ಥಾಂಪ್ಟನ್‌ಗೂ ಇದೇ. ಕನಿಷ್ಠ ಐವರು ಸದಸ್ಯರಿರಬೇಕು. ಅವಧಿ ನಾಲ್ಕು ವರ್ಷ. ಬಹುಪಾಲು ಸದಸ್ಯರಿಗೆ ಸಂಬಳವಿಲ್ಲ. ಸಂಬಳ ಪಡೆಯುವವರು ಕ್ಲರ್ಕ್, ಅಂದರೆ ನಮ್ಮ ಪಂಚಾಯಿತಿ ಕಾರ್ಯದರ್ಶಿಯಂಥವರು. ಅನೇಕ ಹಳ್ಳಿಗಳಲ್ಲಿ ಅವರದೂ ವಾರಕ್ಕೆ ಕೆಲವೇ ಗಂಟೆಗಳ ಕೆಲಸ.

ಆಟದ ಮೈದಾನ, ಸ್ಮಶಾನ, ಬೀದಿದೀಪ, ಬಸ್ ತಂಗುದಾಣ, ಕಾಲುದಾರಿ, ಊರಿನ ಸಭಾಭವನ, ಇವೆಲ್ಲ ಕೌನ್ಸಿಲ್ ಸಾಮಾನ್ಯವಾಗಿ ನೋಡಿಕೊಳ್ಳುವ ಸಂಗತಿಗಳು. ಮನೆಯ ಹಿತ್ತಿಲಿಲ್ಲದವರು ತರಕಾರಿ ಬೆಳೆದುಕೊಳ್ಳಲು ಸಣ್ಣ ತುಂಡು ಭೂಮಿ ಕೇಳಬಹುದು. 1908ರ ಕಾಯಿದೆಯ ಪ್ರಕಾರ ಊರಿನ ಆರು ಮಂದಿ ಸೇರಿ ಅರ್ಜಿ ಕೊಟ್ಟರೆ ಅದನ್ನು ಪರಿಗಣಿಸಲೇಬೇಕು. ಖರ್ಚಿಗೆ ಬೇಕಾದ ಹಣವೆಷ್ಟೆಂದು ಕೌನ್ಸಿಲ್ ಪ್ರತಿ ವರ್ಷ ನಿರ್ಧರಿಸುತ್ತದೆ. ಮೇಲಿನ ಆಡಳಿತ ಅದನ್ನು ಮನೆ ತೆರಿಗೆಯ ಜೊತೆ ವಸೂಲು ಮಾಡಿ ಕೊಡುತ್ತದೆ. ಲೆಕ್ಕಪತ್ರಗಳನ್ನು ವರ್ಷಕ್ಕೆ 30 ಕೆಲಸದ ದಿನಗಳ ಕಾಲ ಯಾವ ಮತದಾರ ಬೇಕಾದರೂ ಬಂದು ನೋಡಬಹುದು.

ಕೋಪ ಸಾಲದು, ಕಾರಣ ಬೇಕು

ಇಂಥ ಸಭೆಗಳಿಗೆ ಎಂದಿನ ದಿನ ಜನ ಬರುವುದು ಕಡಿಮೆ. ಕುರ್ಚಿ ಸಾಲದಷ್ಟು ಜನ ಬರುವುದು ಒಂದೇ ವಿಷಯಕ್ಕೆ. ಅದು ಕಟ್ಟಡದ ವಿಷಯ.

1947ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಬಂದ ಮೇಲೆ ಬ್ರಿಟನ್ನಿನಲ್ಲಿ ಜಮೀನು ಸ್ವಂತದ್ದಾದ ಮಾತ್ರಕ್ಕೆ ಅದರಲ್ಲಿ ಇಷ್ಟ ಬಂದದ್ದನ್ನು ಕಟ್ಟುವಂತಿಲ್ಲ, ಅನುಮತಿ ಬೇಕು. ಇಂಗ್ಲೆಂಡಿನಲ್ಲಿ ಆ ಅನುಮತಿಯನ್ನು ತೀರ್ಮಾನಿಸುವುದು ಪ್ಯಾರಿಷ್ ಅಲ್ಲ, ಅದರ ಮೇಲಿನ ಜಿಲ್ಲಾ ಮಟ್ಟದ ಆಡಳಿತ. ಆದರೆ ತನ್ನ ವ್ಯಾಪ್ತಿಯ ಅರ್ಜಿಗಳ ಮಾಹಿತಿ ಪಡೆಯುವ ಹಕ್ಕು ಪ್ಯಾರಿಷ್‌ಗೆ ಇದೆ. ತಿಳಿಸಿದ 21 ದಿನಗಳೊಳಗೆ ಅದು ಅಭಿಪ್ರಾಯ ಕಳಿಸಬೇಕು.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಊರಂಚಿನ ಗದ್ದೆಯಲ್ಲಿ 40 ಮನೆ ಕಟ್ಟಲು ಒಬ್ಬ ಬಿಲ್ಡರ್ ಅರ್ಜಿ ಹಾಕಿದ್ದಾನೆ. ಸಂಜೆ ಏಳೂವರೆಗೆ ಸಭಾಭವನ ತುಂಬಿದೆ. ಒಬ್ಬರು ಎದ್ದು, "ನಮ್ಮ ಕಿಟಕಿಯಿಂದ ಕಾಣುವ ಗುಡ್ಡ ಇನ್ನು ಕಾಣುವುದಿಲ್ಲ" ಎನ್ನುತ್ತಾರೆ. ಇನ್ನೊಬ್ಬರು, "ನಮ್ಮ ಮನೆಯ ಬೆಲೆ ಇಳಿದುಹೋಗುತ್ತದೆ" ಎನ್ನುತ್ತಾರೆ. ಮೂರನೆಯವರಿಗೆ ಬಿಲ್ಡರ್ ಮೇಲೆ ಹಳೆಯ ಸಿಟ್ಟು, "ಆ ಮನುಷ್ಯ ಸರಿಯಿಲ್ಲ" ಎಂಬುದು ಅವರ ವಾದ.

ಈ ಮೂರು ಮಾತಿಗೂ ಕಾನೂನಿನಲ್ಲಿ ಬೆಲೆಯಿಲ್ಲ. ಕಿಟಕಿಯ ನೋಟ, ಆಸ್ತಿಯ ಬೆಲೆ, ಅರ್ಜಿದಾರನ ನಡತೆ ಇವನ್ನು ತೀರ್ಮಾನಕ್ಕೆ ಲೆಕ್ಕ ಹಿಡಿಯುವುದಿಲ್ಲ. ಆಗ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ಹೇಳುತ್ತಾಳೆ: "ಆ ಗದ್ದೆಗೆ ಹೋಗುವ ರಸ್ತೆಯಲ್ಲಿ ಎರಡು ಕಾರು ಎದುರಾದರೆ ಒಂದು ಹಿಂದೆ ಸರಿಯಬೇಕು. ಕಾಲುದಾರಿ ಇಲ್ಲ. ಶಾಲೆಯ ಮಕ್ಕಳು ಅದೇ ರಸ್ತೆಯಲ್ಲಿ ನಡೆಯುತ್ತಾರೆ. ಮಳೆಗಾಲದಲ್ಲಿ ಗದ್ದೆಯ ಕೆಳಗಿನ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಫೋಟೋ ತಂದಿದ್ದೇನೆ." ರಸ್ತೆಯ ಸುರಕ್ಷತೆ, ನೆರೆ, ನೆರೆಮನೆಗೆ ಬೆಳಕು ತಪ್ಪುವುದು, ಗದ್ದಲ, ಹಳೆಯ ಕಟ್ಟಡಗಳ ರಕ್ಷಣೆ, ವನ್ಯಜೀವಿ ಇಂಥವು ಲೆಕ್ಕಕ್ಕೆ ಬರುವ ಕಾರಣಗಳು. ಅಂದು ಕೌನ್ಸಿಲ್ ಬರೆಯುವ ಪತ್ರದಲ್ಲಿ ನಿಲ್ಲುವುದು ಆಕೆಯ ಮಾತು.

ಪತ್ರ ಬರೆದ ಮಾತ್ರಕ್ಕೆ ಯೋಜನೆ ನಿಲ್ಲುತ್ತದೆ ಎಂದಲ್ಲ. ಅನೇಕ ಸಲ ಅನುಮತಿ ಸಿಕ್ಕೇಬಿಡುತ್ತದೆ. ಆದರೆ ಕಾಲುದಾರಿ ಮಾಡಬೇಕು, ನೀರು ಹರಿಯಲು ವ್ಯವಸ್ಥೆ ಬೇಕು ಎಂಬಂಥ ಷರತ್ತುಗಳು ಅದರ ಜೊತೆ ಬರಬಹುದು. ವ್ಯವಸ್ಥೆಯಲ್ಲಿ ಒಂದು ಅಸಮಾನತೆಯೂ ಇದೆ. ಅನುಮತಿ ಸಿಗದಿದ್ದರೆ ಬಿಲ್ಡರ್ ಮೇಲ್ಮನವಿ ಹೋಗಬಹುದು. ಅನುಮತಿ ಸಿಕ್ಕಿದರೆ ಹಳ್ಳಿಗೆ ಅಂಥ ಮೇಲ್ಮನವಿಯ ದಾರಿಯಿಲ್ಲ. ಅದಕ್ಕೇ ಆ 21 ದಿನಗಳಿಗೆ ಅಷ್ಟು ಬೆಲೆ.

ಊರೇ ಬರೆದ ಯೋಜನೆ

ಬಂದ ಅರ್ಜಿಗೆ ಪ್ರತಿಕ್ರಿಯೆ ಕೊಡುವುದರಲ್ಲೇ ಕಾಲ ಕಳೆಯುವ ಬದಲು ಎಲ್ಲಿ ಏನು ಬರಬೇಕೆಂದು ಊರೇ ಮೊದಲು ಹೇಳುವಂತಾದರೆ? 2011ರ ಲೋಕಲಿಸಂ ಕಾಯಿದೆ ಇದಕ್ಕೆ ಅವಕಾಶ ಕೊಟ್ಟಿತು. ಪ್ಯಾರಿಷ್ ತನ್ನ ಊರಿನ ಯೋಜನೆಯನ್ನು ತಾನೇ ಬರೆಯಬಹುದು. ಮನೆಮನೆಗೆ ಹೋಗಿ ಅಭಿಪ್ರಾಯ ಕೇಳಬೇಕು, ಅಂಕಿ ಅಂಶ ಸೇರಿಸಬೇಕು, ಕರಡನ್ನು ಸ್ವತಂತ್ರ ಪರೀಕ್ಷಕರ ಮುಂದಿಡಬೇಕು. ಕೊನೆಗೆ ಊರಿನಲ್ಲಿ ಜನಮತಗಣನೆ ನಡೆಯಬೇಕು. ಅರ್ಧಕ್ಕಿಂತ ಹೆಚ್ಚು ಮತ ಬಂದರೆ ಅದು ಕಾನೂನಿನ ಬಲವಿರುವ ದಾಖಲೆಯಾಗುತ್ತದೆ.

ದೇಶದಲ್ಲೇ ಮೊದಲು ಈ ಹಂತ ಮುಟ್ಟಿದ್ದು ಕಂಬ್ರಿಯಾದ ಅಪ್ಪರ್ ಈಡನ್ ಕಣಿವೆ. ಅಲ್ಲಿನ ಹಲವು ಪ್ಯಾರಿಷ್‌ಗಳು ಒಟ್ಟಾಗಿ ಬರೆದ ಯೋಜನೆಗೆ 2013ರ ಮಾರ್ಚ್ 7ರಂದು ಮತದಾನ ನಡೆಯಿತು. ಮತ ಹಾಕಿದವರಲ್ಲಿ ಶೇಕಡಾ 90ರಷ್ಟು ಜನ ಒಪ್ಪಿದರು. ಅದು ಮನೆಗಳನ್ನು ತಡೆಯುವ ಯೋಜನೆಯಾಗಿರಲಿಲ್ಲ. ರೈತರ ಮಕ್ಕಳು ತಮ್ಮ ಹೊಲದ ಬಳಿಯೇ ಮನೆ ಮಾಡಿಕೊಂಡು ಉಳಿಯಲು ದಾರಿ ಸುಲಭ ಮಾಡುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು.

ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಕಡಲ ಪಟ್ಟಣದ್ದು ಬೇರೆ ಕಥೆ. ಅಲ್ಲಿ ನಾಲ್ಕರಲ್ಲಿ ಒಂದು ಮನೆ ಹೊರಗಿನವರ ಎರಡನೆಯ ಮನೆ ಅಥವಾ ರಜೆಗೆ ಬಾಡಿಗೆ ಕೊಡುವ ಮನೆಯಾಗಿತ್ತು. ಊರಿನ ಹುಡುಗರಿಗೆ ಮನೆ ಕೈಗೆಟುಕದಾಯಿತು. ಹೊಸದಾಗಿ ಕಟ್ಟುವ ಮನೆಗಳಲ್ಲಿ ವರ್ಷವಿಡೀ ವಾಸಿಸುವವರೇ ಇರಬೇಕು ಎಂಬ ನಿಯಮವನ್ನು ಊರಿನ ಯೋಜನೆಯಲ್ಲಿ ಸೇರಿಸಿದರು. 2016ರ ಮೇ ತಿಂಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಮತದಾರರು ಅದನ್ನು ಒಪ್ಪಿದರು. ಅದರ ವಿರುದ್ಧ ಹೈಕೋರ್ಟಿಗೆ ಹೋದ ಅರ್ಜಿ ಅದೇ ವರ್ಷ ವಜಾ ಆಯಿತು. ಆದರೆ ಈ ನಿಯಮ ಹೊಸ ಮನೆಗಳಿಗೆ ಮಾತ್ರ. ಹಳೆಯ ಮನೆಗಳನ್ನು ಹೊರಗಿನವರು ಕೊಳ್ಳುವುದನ್ನು ಅದು ತಡೆಯಲಾರದು. ಒಂದು ಊರಿನ ಕೈಗೆ ಎಷ್ಟು ಎಟುಕುತ್ತದೆ ಎಂಬುದಕ್ಕೆ ಇದೂ ಒಂದು ಪಾಠ.

ಖಾಲಿ ಕುರ್ಚಿ, ಜಗಳದ ಪರದೆ

ಇಷ್ಟೆಲ್ಲ ಕೇಳಿ ಪ್ಯಾರಿಷ್ ಎಂದರೆ ರಾಮರಾಜ್ಯ ಎಂದುಕೊಳ್ಳಬೇಕಾಗಿಲ್ಲ. ಅನೇಕ ಹಳ್ಳಿಗಳಲ್ಲಿ ಚುನಾವಣೆಯೇ ನಡೆಯುವುದಿಲ್ಲ. ಸ್ಥಾನಗಳಷ್ಟೂ ಅಭ್ಯರ್ಥಿಗಳು ಇರುವುದಿಲ್ಲ. ಉಳಿದ ಕುರ್ಚಿಗಳಿಗೆ ಇರುವ ಸದಸ್ಯರೇ ಯಾರನ್ನಾದರೂ ಕರೆದು ಕೂರಿಸುತ್ತಾರೆ. ಹಾಗೆ ಬರುವವರು ಬಹುಮಟ್ಟಿಗೆ ನಿವೃತ್ತರು. ಮನೆ ಸಿಗದೆ ಊರು ಬಿಡಬೇಕಾದ ಯುವಕರ ಮಾತು ಆ ಮೇಜಿನ ಸುತ್ತ ಕೇಳಿಸುವುದು ಕಡಿಮೆ.

ಜಗಳಗಳೂ ಉಂಟು. ಕೋವಿಡ್ ಕಾಲದಲ್ಲಿ, 2020ರ ಡಿಸೆಂಬರಿನಲ್ಲಿ, ಚೆಷೈರ್‌ನ ಹ್ಯಾಂಡ್‌ಫೋರ್ತ್ ಪ್ಯಾರಿಷ್ ಕೌನ್ಸಿಲ್‌ನ ಸಭೆ ಕಂಪ್ಯೂಟರ್ ಪರದೆಯ ಮೇಲೆ ನಡೆಯಿತು. ಅದನ್ನು ನಡೆಸಿಕೊಡಲು ಬಂದಿದ್ದ ಜಾಕಿ ವೀವರ್ ಅವರಿಗೆ ಅಧ್ಯಕ್ಷರು, ನಿಮಗಿಲ್ಲಿ ಅಧಿಕಾರವೇ ಇಲ್ಲ ಎಂದು ಕೂಗಿದರು. ವೀವರ್ ಗುಂಡಿ ಒತ್ತಿ ಅವರನ್ನು ಸಭೆಯಿಂದಲೇ ಹೊರಗಿಟ್ಟರು. ಎರಡು ತಿಂಗಳ ನಂತರ ಆ ಚಿತ್ರಿಕೆ ಪ್ರಪಂಚವೆಲ್ಲ ಸುತ್ತಿ ಜನರನ್ನು ನಗಿಸಿತು. ತಮಾಷೆಯೆಂದರೆ, 2022ರಲ್ಲಿ ಬಂದ ವಿಚಾರಣಾ ವರದಿ ಹೊರಗಿಡುವ ವಿಧ್ಯುಕ್ತ ಅಧಿಕಾರ ವೀವರ್ ಅವರಿಗೆ ಇರಲಿಲ್ಲ ಎಂದೇ ಹೇಳಿತು. ಆದರೆ ಆ ಗದ್ದಲದಲ್ಲಿ ಅವರು ಹಾಗೆ ಮಾಡಿದ್ದು ಅರ್ಥವಾಗುವಂಥದ್ದು ಎಂದೂ ಸೇರಿಸಿತು.

ಇಂಥ ಜಗಳ ಹೊರಗೆ ಬಂದದ್ದೇ ಒಂದು ಲಾಭ. ಸಭೆಯ ಬಾಗಿಲು ಸಾರ್ವಜನಿಕರಿಗೆ ತೆರೆದಿರಬೇಕೆಂಬ ಕಾಯಿದೆ ಬಂದಿದ್ದು 1960ರಲ್ಲಿ. ಅದರ ಮಸೂದೆಯನ್ನು ತಮ್ಮ ಮೊದಲ ಭಾಷಣದಲ್ಲೇ ಮಂಡಿಸಿದ ಹೊಸ ಸಂಸದೆಯೊಬ್ಬರು ಮುಂದೆ ಪ್ರಧಾನಿಯಾದರು. ಅವರೇ ಮಾರ್ಗರೆಟ್ ಥ್ಯಾಚರ್.

ನಮ್ಮೂರಿನ ಸಭೆ

ಇಷ್ಟು ಓದಿದ ಮೇಲೆ ನಮ್ಮ ಊರಿನತ್ತ ಕಣ್ಣು ಹೋಗುವುದು ಸಹಜ. 73ನೇ ತಿದ್ದುಪಡಿ ಮತ್ತು 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆ ನಮ್ಮ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ಕೆಲಸ ಪ್ಯಾರಿಷ್‌ನದಕ್ಕಿಂತ ಬಹಳ ದೊಡ್ಡದು. ಕುಡಿಯುವ ನೀರಿನಿಂದ ಹಿಡಿದು ಫಲಾನುಭವಿಗಳ ಆಯ್ಕೆಯವರೆಗೆ ಅದರ ವ್ಯಾಪ್ತಿ. ಅಲ್ಲಿಲ್ಲದ ಮೀಸಲಾತಿಯೂ ಇಲ್ಲಿದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಪ್ರತಿಯೊಬ್ಬ ಮತದಾರನಿಗೂ ಇದೆ. ಮತದ ವಯಸ್ಸಾಗದ ವಿದ್ಯಾರ್ಥಿಗಳಿಗೆ ಮಕ್ಕಳ ಗ್ರಾಮಸಭೆಯಿದೆ. ಶಾಲೆಯ ಶೌಚಾಲಯ, ಬಸ್ಸಿನ ಸಮಯ, ದಾರಿದೀಪ ಇವನ್ನೆಲ್ಲ ಅಲ್ಲಿ ಕೇಳಬಹುದು.

ಆದರೆ ಕೇಳುವ ಮೊದಲು ಆ ಕಲ್ಪಿತ ಸಭೆಯ ಹಿಂದಿನ ಸಾಲಿನ ಹೆಂಗಸನ್ನು ನೆನೆಯಿರಿ. "ರಸ್ತೆ ಸರಿಯಿಲ್ಲ" ಎನ್ನುವುದು ದೂರು. ಯಾವ ರಸ್ತೆ, ಎಷ್ಟು ಅಗಲ, ಎಲ್ಲಿ ನೀರು ನಿಲ್ಲುತ್ತದೆ, ದಿನಕ್ಕೆ ಎಷ್ಟು ಮಕ್ಕಳು ಅಲ್ಲಿ ನಡೆಯುತ್ತಾರೆ ಎಂದು ಎಣಿಸಿ, ಬರೆದು, ಗಡುವಿನೊಳಗೆ ಕೊಟ್ಟರೆ ಅದು ಕಾರಣ. ದೂರನ್ನು ಕೇಳಿ ತಲೆಯಾಡಿಸಿ ಸುಮ್ಮನಾಗಬಹುದು. ಕಾರಣವನ್ನು ನಡವಳಿ ಪುಸ್ತಕದಲ್ಲಿ ಬರೆದುಕೊಳ್ಳಿ ಎಂದು ಒತ್ತಾಯಿಸಬಹುದು. ಮುಂದಿನ ಸಭೆಯಲ್ಲಿ ಅದೇ ಪುಟ ತೆಗೆಸಿ, ಏನಾಯಿತು ಎಂದು ಕೇಳಬಹುದು.

ತಂದೆ ತಾಯಂದಿರು ಮುಂದಿನ ಗ್ರಾಮಸಭೆಗೆ ಹೋಗುವಾಗ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಲಿ. ಪೌರನೀತಿಯ ಪಾಠದಲ್ಲಿ ಅಂಕಕ್ಕಾಗಿ ಓದಿದ ಪಂಚಾಯಿತಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿರುವುದನ್ನು ಅವರೂ ಒಮ್ಮೆ ನೋಡಲಿ.